ಕಾಂಡ್ಲಾ ಕಾಡಿನ ಉದುರೆಲೆ ತರಲು ಹೋದದ್ದು

ಬೆಳಿಗ್ಗೆ ಆರಕ್ಕೆ ನಾನೂ ಮೊಮ್ಮಗಳು ಶ್ರುತಿಯೂ ಶಿವಮೊಗ್ಗದಲ್ಲಿ ಹೊನ್ನಾವರದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರಾಯಿತು. ನನ್ನನ್ನು ಕಳಿಸಿದ್ದು ಭದ್ರಾವತಿಯಲ್ಲಿರುವ ಮಗಳು, ಶ್ರುತಿಯ ತಾಯಿ. ಹುಡುಗಿ ತಿಂಗಳಿಗೊಮ್ಮೆ ಹೋಗುವ ಜಾಗ ನೋಡಿ ಬಾ, ಅಪಾಯವಿದ್ದರೆ ಬಿಡಿಸೋಣ ಎಂದಿದ್ದಳು.

ಸಮುದ್ರದ ಉಪ್ಪುನೀರು ಹೊಳೆಗೆ ನುಗ್ಗುವ ಕಡೆ, ಕೆಸರಿನಲ್ಲಿ ಬೇರುಗಳನ್ನು ಕಾಲಿನ ಹಾಗೆ ಊರಿಕೊಂಡು ನಿಂತ ಮರಗಳ ಕಾಡು ಅದು. ಅಲ್ಲಿಯವರು ಕಾಂಡ್ಲಾ ಅನ್ನುತ್ತಾರೆ. ಮರದ ಕೆಳಗೆ ಶ್ರುತಿ ಬಲೆ ಕಟ್ಟಿದ್ದಾಳೆ. ಯಾವ ಕಾಲದಲ್ಲಿ ಎಷ್ಟು ಎಲೆ, ಕಡ್ಡಿ, ಹೂವು ಉದುರುತ್ತದೆ ಎಂದು ಒಣಗಿಸಿ ತೂಗುವುದು ಅವಳ ಓದಿನ ಕೆಲಸ. ದರಗು ತೂಗಲಿಕ್ಕೂ ಕಾಲೇಜಾ ಎಂದು ಬಸ್ಸು ಸಾಗರ ಪೇಟೆ ದಾಟುವವರೆಗೂ ಹಂಗಿಸಿದೆ.

ಹೊನ್ನಾವರದಲ್ಲಿ ಇಡ್ಲಿ ತಿಂದು ದೋಣಿ ಹತ್ತಿದೆವು. ನನಗೆ ಈಜು ಬಾರದು. ಒಳಗೆ ಹೋದಂತೆ ಬಿಸಿಲೇ ಇಲ್ಲ. ಕೆಸರಿನೊಳಗಿಂದ ಟಪ್ ಟಪ್ ಸದ್ದು. ಏಡಿ ಎಂದ ದೋಣಿಯವನು. ನಾನು ನಂಬಲಿಲ್ಲ.

ಶ್ರುತಿ ಬೇರುಗಳ ಮೇಲೆ ಕಾಲಿಟ್ಟು ಹೋಗಿ, ಒಂದೊಂದು ಬಲೆಯ ಎಲೆಯನ್ನು ಒಂದೊಂದು ಚೀಲಕ್ಕೆ ತುಂಬಿ ತಂದು ನನ್ನ ಕಾಲ ಬಳಿ ಇಟ್ಟಳು. ಒಂದು ಚೀಲದಲ್ಲಿ ಏನೋ ಹರಿದಾಡಿತು. ಹಾವೆಂದುಕೊಂಡು ದೋಣಿಯ ಹೊರಗೆ ಸುರಿದುಬಿಟ್ಟೆ. ಬಿದ್ದದ್ದು ಹೆಬ್ಬೆರಳಷ್ಟು ಏಡಿ, ಜೊತೆಗೆ ಒಂದು ತಿಂಗಳ ಎಲೆ.

ಚೆಲ್ಲಿದ ಎಲೆ ಆರಿಸಿಕೊಳ್ಳಲು ಅವಳು ಬೇರಿಲ್ಲದ ಬರೀ ಕೆಸರಿಗೆ ಇಳಿದಳು. ಎರಡೇ ಹೆಜ್ಜೆಗೆ ತೊಡೆಯವರೆಗೆ ಹೂತಳು. ಕಾಲು ಕೀಳಲಾಗಲಿಲ್ಲ. ನೀರು ಏರುತ್ತಿದೆ ಎಂದು ದೋಣಿಯವನು ಹುಟ್ಟು ಚಾಚಿದ. ನೀರು ಅವಳ ಸೊಂಟ ಮುಟ್ಟಿತು. ಇಬ್ಬರೂ ಸೇರಿ ಎಳೆದೆವು. ಬಂದಳು, ಚಪ್ಪಲಿ ಅಲ್ಲೇ ಉಳಿಯಿತು. ಎಲೆ ತೇಲಿಹೋಗಿತ್ತು.

"ನಾಲ್ಕು ಹಿಡಿ ಮರದಿಂದ್ಲೇ ಕಿತ್ತು ತುಂಬೇ, ಯಾರಿಗ್ ಗೊತ್ತಾಗುತ್ತೆ?" ಎಂದೆ.

"ಉದುರಿದ್ದೇ ಆಗ್ಬೇಕು ಅಜ್ಜಿ," ಎಂದು ಪುಸ್ತಕದಲ್ಲಿ ಆ ಬಲೆಯ ಎಲೆ ಹೋಯಿತೆಂದು ಬರೆದಳು. ನನ್ನ ಹೆಸರು ಬರೆಯಲಿಲ್ಲ. ಮಳೆಗಾಲದಲ್ಲೂ ಬರಬೇಕಂತೆ.

ರಾತ್ರಿ ಲಾಡ್ಜಿನಲ್ಲಿದ್ದು, ಮರುದಿನ ಮಧ್ಯಾಹ್ನ ಶಿವಮೊಗ್ಗಕ್ಕೆ ಬಂದು ಬಸ್ಸು ಬದಲಿಸಿದೆವು. ಮಾಚೇನಹಳ್ಳಿ ದಾಟುವಾಗಲೂ ಅವಳ ಮಣಿಕಟ್ಟು ಹಿಡಿದೇ ಕೂತಿದ್ದೆ.

ಭದ್ರಾವತಿಯಲ್ಲಿ ಮಗಳು ಬಾಗಿಲಲ್ಲೇ ಕೇಳಿದಳು, "ಹೆಂಗಿತ್ತಮ್ಮ? ಬಿಡಿಸ್ಲಾ?"

ಶ್ರುತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನ್ ಜೊತೆಗೆ ಹೋಗ್ದಿದ್ರೆ ಅವಳಿಗೇನೂ ಅಪಾಯ ಇಲ್ಲ ಕಣೆ," ಎಂದೆ.

ಹೇಳಿ ಸೀದಾ ಬಚ್ಚಲಿಗೆ ಹೋದೆ. ಅವಳ ಪ್ಯಾಂಟು ನನ್ನ ಚೀಲದಲ್ಲಿತ್ತು. ಸೊಂಟದವರೆಗೂ ಕೆಸರು. ಮಗಳು ನೋಡುವ ಮೊದಲೇ ಒಗೆದು ಹಾಕಿದೆ.