ಟಾಲ್ಮಾಯರ್ ನುಡಿದ ಅಪಶಕುನ

ಕೊರ್ಬಿನಿಯನ್ ಟಾಲ್ಮಾಯರ್ ಬವೇರಿಯಾದ ಒಂದು ಹಳ್ಳಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಯುದ್ಧ ಅವನನ್ನು ಎಳೆದುತಂದು ಫ್ಲಾಂಡರ್ಸ್‌ನ ಜರ್ಮನ್ ವಿಮಾನ ಮೈದಾನದಲ್ಲಿ ಎಂಜಿನ್ ಮೆಕ್ಯಾನಿಕ್ ಮಾಡಿತ್ತು. ವಯಸ್ಸು ನಲವತ್ತೈದು ದಾಟಿತ್ತು, ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬಲು ಚುರುಕು. ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ಆನಿಸಿ ಇನ್ನೊಂದನ್ನು ಹಲ್ಲಲ್ಲಿ ಕಚ್ಚಿದನೆಂದರೆ ಮುಗಿಯಿತು, ಒಳಗಿನ ಕಾಯಿಲೆಯೆಲ್ಲ ಅವನ ತಲೆಬುರುಡೆಗೆ ತಿಳಿಯುತ್ತಿತ್ತು.

ಅವನ ಪೈಲಟ್ ಲೆಫ್ಟಿನೆಂಟ್ ಎಗ್ಗರ್ಸ್‌ಗೆ ಇಪ್ಪತ್ತೊಂದು ವರ್ಷ, ಕೋಪ ಮೂಗಿನ ತುದಿಯಲ್ಲೇ. ೧೯೧೭ರ ಏಪ್ರಿಲಿನ ಒಂದು ಬೆಳಿಗ್ಗೆ, ಇಂಗ್ಲಿಷರ ವಿಮಾನಗಳು ಬರುತ್ತಿವೆ ಎಂದು ಗಂಟೆ ಬಡಿಯಿತು. ನೋಡನೋಡುತ್ತಲೇ ನಾಲ್ಕು ವಿಮಾನ ಏರಿಬಿಟ್ಟವು. ಐದನೆಯದು ಎಗ್ಗರ್ಸ್‌ನದು. ಅದು ಗುಡುಗುತ್ತ ನಿಂತಿದ್ದಾಗ ಟಾಲ್ಮಾಯರ್ ಕೋಲು ಕಚ್ಚಿ ನೋಡಿದ. ಮರುಕ್ಷಣ ಕೋಲು ಎಸೆದು ಕೂಗಿದ.

"ಲೆಫ್ಟಿನೆಂಟರೇ, ಒಳಗೆ ಏನೋ ಬಡೀತಿದೆ! ಹೋಗ್ಬೇಡಿ!"

"ನಿನ್ನ ತಲೆ ಬಡೀತಿದೆ! ಇದು ಗೋಡೆ ಗಡಿಯಾರ ಅಲ್ಲ ಕಣಯ್ಯ. ಚಕ್ರದ ಅಡ್ಡ ತೆಗಿ!"

ಮೇಲೆ ಹೋಗಿ ಎಂಜಿನ್ ಕೈಕೊಟ್ಟರೆ ಈ ಹುಡುಗ ಜೀವಸಹಿತ ಇಳಿಯುವುದಿಲ್ಲ. ಆದರೆ ಸಾಧಾರಣ ಸಿಪಾಯಿಯ ಮಾತನ್ನು ಯಾವ ಅಧಿಕಾರಿ ಕೇಳುತ್ತಾನೆ? ಅಲ್ಲಿನ ಪೈಲಟ್‌ಗಳಿಗೆ ಒಂದು ನಂಬಿಕೆಯಿತ್ತು. ಹೊರಟವನಿಗೆ 'ಕತ್ತೂ ಮುರಿಯಲಿ, ಕಾಲೂ ಮುರಿಯಲಿ' ಎಂದೇ ಹಾರೈಸಬೇಕು. ಅಪ್ಪಿತಪ್ಪಿ ಒಳ್ಳೆಯ ಮಾತಾಡಿದರೆ ಸಾವನ್ನೇ ಕೂಗಿ ಕರೆದಂತೆ. ಅದನ್ನು ಕೇಳಿಸಿಕೊಂಡವನು ಆ ಹೊತ್ತು ನೆಲ ಬಿಡುವುದಿಲ್ಲ.

ಟಾಲ್ಮಾಯರ್ ರೆಕ್ಕೆಯನ್ನು ಹಿಡಿದು ಗಂಟಲು ಹರಿಯುವಂತೆ ಕೂಗಿದ: "ಶುಭವಾಗ್ಲಿ ಲೆಫ್ಟಿನೆಂಟರೇ! ಸುಖವಾಗಿ ಹೋಗಿ ಬನ್ನಿ! ನೂರು ವರ್ಷ ಬಾಳಿ!"

ಮೈದಾನವೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಎಗ್ಗರ್ಸ್‌ನ ಮುಖ ಸುಣ್ಣವಾಯಿತು, ಮರುಕ್ಷಣ ಕೆಂಪೇರಿತು.

"ನಿನ್ನ ಬಾಯಿಗೆ ಮಣ್ಣು ಹಾಕ! ಸರಿ, ಇಲ್ಲೇ ನಿಂತು ಹತ್ತು ನಿಮಿಷ ಪೂರಾ ಜೋರಲ್ಲಿ ಓಡಿಸ್ತೀನಿ. ಏನೂ ಆಗ್ಲಿಲ್ವೋ, ನಾಳೆಯಿಂದ ನಿಂಗೆ ಮುಂಚೂಣಿಯ ಕಂದಕವೇ ಗತಿ!"

ಎಂಜಿನ್ ಅಬ್ಬರಿಸಿತು. ಎರಡು ನಿಮಿಷ, ನಾಲ್ಕು ನಿಮಿಷ. ಬೆಣ್ಣೆಯಂತೆ ಓಡುತ್ತಿದೆ, ಹಾಳಾದ್ದು!

"ಟಾಲ್ಮಾಯರಣ್ಣ, ಕಂದಕದಲ್ಲಿ ಇಲಿ ಜೋಪಾನ!" ಎಂದು ಅಡುಗೆಯವನು ಕಿಚಾಯಿಸಿದ. ಟಾಲ್ಮಾಯರ್‌ಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಏಳನೆಯ ನಿಮಿಷವೂ ಕಳೆಯಿತು.

ಎಂಟನೆಯದರಲ್ಲಿ ಢಮಾರ್! ಎಂಜಿನ್ನಿನ ಹೊಟ್ಟೆ ಒಡೆದು ಕಬ್ಬಿಣದ ತುಂಡೊಂದು ಹುಲ್ಲಿಗೆ ಬಿತ್ತು, ಕರಿ ಎಣ್ಣೆ ಎಗ್ಗರ್ಸ್‌ನ ಮುಖಕ್ಕೆ ರಾಚಿತು.

"ಒಡೀತು! ಒಡೀತು!" ಎಂದು ಟಾಲ್ಮಾಯರ್ ಕುಣಿದಾಡಿಬಿಟ್ಟ. ತಾನೇ ಸಾಕಿದ ಎಂಜಿನ್ ಸತ್ತದ್ದಕ್ಕೆ ಅಷ್ಟು ಹಿಗ್ಗಿದ ಮೆಕ್ಯಾನಿಕ್ ಮತ್ತೊಬ್ಬನಿರಲಾರ.

ಎಗ್ಗರ್ಸ್ ಇಳಿದು ಬಂದ. ಹುಲ್ಲಿಗೆ ಬಿದ್ದಿದ್ದ ಕಬ್ಬಿಣದ ತುಂಡನ್ನು ನೋಡಿದ. ಅದರ ಪಕ್ಕದಲ್ಲೇ ಕುಸಿದು ಕೂತ.

"ನಮ್ಮಮ್ಮಂಗೆ ನಾನೊಬ್ನೇ ಕಣಯ್ಯ," ಎಂದ.

ಟಾಲ್ಮಾಯರ್ ಪಕ್ಕದಲ್ಲಿ ಕೂತು, ಒರೆಸಿಕೊಳ್ಳಲೆಂದು ತನ್ನ ಕೈಬಟ್ಟೆ ಕೊಟ್ಟ. ಹುಡುಗ ಎಣ್ಣೆಯನ್ನು ಬಿಟ್ಟು ಮೊದಲು ಕಣ್ಣೊರೆಸಿಕೊಂಡ.