ಬೆನ್ನ ಹಿಂದಿನ ದಾರಿ

ಮನೆಯಿಂದ ಅಂಗಡಿಗೆ ನೆಟ್ಟಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುವಾಗ ಮಾತ್ರ ಪಕ್ಕದ ಗಲ್ಲಿಗೆ ನುಗ್ಗಿ ಯಾರದೋ ಬಾಗಿಲು ತಟ್ಟುವ ಜಾತಿಯವನು ನಾನು. ದೋಹಾದ ಅಲ್ ಮುಂತಜಾ ಬಡಾವಣೆಯ ನಮ್ಮ ನೆರೆಯಲ್ಲಿ ಈ ಪರಾಕ್ರಮವನ್ನು ಎಷ್ಟು ಸಲ ಮೆರೆದಿದ್ದೇನೆಂದರೆ, ಹಿಂದಿನ ಬೀದಿಯ ಮಲಯಾಳಿ ಗೃಹಿಣಿ ಕದ ತೆರೆಯುವ ಮೊದಲೇ ಒಳಗಿನಿಂದ ನನ್ನ ಮನೆಯ ವಿಳಾಸ ಹೇಳಿಬಿಡುತ್ತಿದ್ದರು. ಪ್ರತಿಯೊಂದು ದಾರಿಗೂ ಎರಡು ಮುಖಗಳಿವೆ, ನನಗೆ ಪರಿಚಯವಿರುವುದು ಒಂದರದು ಮಾತ್ರ ಎಂದು ನಾನು ತತ್ತ್ವ ಹೇಳಿದರೆ, ಮೈಸೂರಿನವಳಾದ ನನ್ನ ಹೆಂಡತಿ ಸುಶೀಲ, ನಿಮಗೆ ಲಕ್ಷ್ಯವಿಲ್ಲ ಅಷ್ಟೆ ಎಂದು ಒಂದೇ ಏಟಿಗೆ ಖಂಡಿಸುತ್ತಿದ್ದಳು.

ನನ್ನ ತತ್ತ್ವಕ್ಕೊಬ್ಬ ಅನುಯಾಯಿ ಸಿಕ್ಕಿದ್ದು ತೊಂಬತ್ತರ ದಶಕದ ಒಂದು ಜುಲೈಯಲ್ಲಿ. ನಮ್ಮ ಆಫೀಸಿನ ಡ್ರೈವರ್ ಮೋನುಚ್ಚ, ಉಳ್ಳಾಲದ ಕಡೆಯ ಬ್ಯಾರಿ, ಮೂವತ್ತು ವರ್ಷದ ಚಾಕರಿ ಮುಗಿಸಿ ಮುಂದಿನ ವಾರ ಊರಿಗೆ ಹೊರಟಿದ್ದರು. ಅದಕ್ಕೆ ಮುಂಚೆ ಕತಾರಿನ ಉತ್ತರದ ತುದಿಯಲ್ಲಿ ಒಂದು ಮನೆಗೆ ಹೋಗಬೇಕು, ನೀವಿಬ್ಬರೂ ಬನ್ನಿ, ದಾರಿ ನಾನು ತೋರಿಸುತ್ತೇನೆ ಎಂದರು. ಇಪ್ಪತ್ತರ ಪ್ರಾಯದಲ್ಲಿ ಮುಂಬಯಿಯಿಂದ ಲಾಂಚು ಹತ್ತಿ ಬಂದವರನ್ನು, ಕಾಗದಪತ್ರವಿಲ್ಲದ ಕಾರಣ, ಲಾಂಚಿನವರು ಆ ಕರಾವಳಿಯ ಸೊಂಟದುದ್ದ ನೀರಿನಲ್ಲಿ ಇಳಿಸಿ ಹೋಗಿದ್ದರಂತೆ. ದಡದ ಮನೆಯೊಂದರ ಹೆಂಗಸು ಬಾಗಿಲ ಮರೆಯಿಂದ ಒಂದು ಬೋಗುಣಿ ನೀರು ಚಾಚಿ, ಒಳಗೆ ಬರುವಂತೆ ಕರೆದಳು. ಹಿಡಿದುಕೊಟ್ಟರೆ ಏನು ಗತಿ ಎಂಬ ಹೆದರಿಕೆಗೆ ಇವರು ಹೊಸ್ತಿಲಲ್ಲೇ ಗಟಗಟನೆ ಕುಡಿದು ದೋಹಾದ ಕಡೆಗೆ ಕಾಲ್ತೆಗೆದರು.

"ಉಪಕಾರ ಆಯ್ತು ಅಂತ ಒಂದು ಶುಕ್ರನ್ ಸಹ ಹೇಳ್ಲಿಲ್ಲ ಸಾರ್. ಹೇಳ್ಲಿಕ್ಕೆ ಆಗ ಆ ಶಬ್ದ ಗೊತ್ತಿದ್ರೆ ಅಲ್ವಾ?"

ಶುಕ್ರವಾರ ನಸುಕಿಗೇ ಹೊರಟೆವು. ನಮ್ಮ ಮಾರ್ಗದರ್ಶಕರಿಗೆ ಆ ಮಾರ್ಗ ದಕ್ಷಿಣಾಭಿಮುಖವಾಗಿ ಮಾತ್ರ ಗೊತ್ತು, ಅದೂ ಒಂದೇ ಸಲ ಕಾಲ್ನಡಿಗೆಯಲ್ಲಿ ಬಂದದ್ದು ಎಂಬ ಸತ್ಯ ಡಾಂಬರು ಮುಗಿದ ಮೇಲಷ್ಟೇ ಹೊರಬಿತ್ತು. ಎರಡು ಮೈಲಿಗೊಮ್ಮೆ ಜೀಪು ನಿಲ್ಲಿಸಿ, ಇಳಿದು, ಬಂದ ದಿಕ್ಕಿಗೆ ಮುಖಮಾಡಿ, ಕಣ್ಣು ಕಿರಿದಾಗಿಸಿ, ಹಾಂ, ಇದೇ ಎನ್ನುವರು. ಗುರುಧರ್ಮಕ್ಕೆ ಕಟ್ಟುಬಿದ್ದು ನಾನೂ ತಿರುಗಿ ನಿಲ್ಲುತ್ತಿದ್ದೆ. ಇಬ್ಬರು ಗಂಡಸರು ಗಮ್ಯಕ್ಕೆ ಬೆನ್ನು ಹಾಕಿ ದಾರಿ ಹುಡುಕುವ ಚೋದ್ಯವನ್ನು ಸುಶೀಲ ಸೀಟಿನಲ್ಲೇ ಕೂತು ನೋಡಿ ನಕ್ಕಳು.

ಆದರೆ ಓದುಗ ಮಿತ್ರರೇ, ಹಾಗೆ ತಿರುಗಿ ನಿಂತಾಗಲೇ ನಾನು ಬೆರಗಾದದ್ದು. ಮರವಿಲ್ಲ, ಗುಡ್ಡವಿಲ್ಲ, ನಮ್ಮ ಚಕ್ರದ ಗೆರೆಗಳನ್ನು ಬಿಟ್ಟರೆ ಮನುಷ್ಯನೆಂಬವನು ಹುಟ್ಟಿದ್ದಾನೆನ್ನಲು ಪುರಾವೆಯೇ ಇಲ್ಲ. ಉಪ್ಪು ಹೆಪ್ಪುಗಟ್ಟಿದ ನೆಲ ಬೆಳ್ಳಗೆ ಹೊಳೆಯುತ್ತ ಹೋಗಿ, ಎಲ್ಲಿ ಮುಗಿದು ಎಲ್ಲಿ ಆಕಾಶವಾಯಿತೆಂದು ಹೇಳುವಂತೆಯೇ ಇರಲಿಲ್ಲ. ಗಾಳಿ ನಿಂತಿತ್ತು. ಹೆದರಿಕೆಯಾಯಿತು, ಅದರ ಜೊತೆಗೇ ಕೈಮುಗಿಯಬೇಕೆನ್ನಿಸಿತು. ಇಷ್ಟನ್ನೂ ಈ ಮನುಷ್ಯ ಒಂದು ಬೋಗುಣಿ ನೀರಿನ ಬಲದಲ್ಲಿ ದಾಟಿದ್ದರು.

ಕಡಲ ಬಳಿ ಊರು ಸಿಕ್ಕಿತು, ಜನ ಮಾತ್ರ ಇರಲಿಲ್ಲ. ಎಂದೋ ಎಲ್ಲರೂ ಪಟ್ಟಣ ಸೇರಿದ್ದರು. ಉಳಿದಿದ್ದ ಸೂರಿಲ್ಲದ ಗೋಡೆಗಳೆಲ್ಲ ಒಂದೇ ತರಹ ಕಾಣುತ್ತಿದ್ದವು. ಮೋನುಚ್ಚ ಮನೆಯಿಂದ ಮನೆಗೆ ಅಲೆದರು, ಗುರುತು ಹತ್ತಲಿಲ್ಲ. ಕೊನೆಗೆ ಪ್ಯಾಂಟು ಮಡಚುವ ಗೊಡವೆಗೂ ಹೋಗದೆ ಸಮುದ್ರಕ್ಕಿಳಿದು, ಸೊಂಟದುದ್ದ ನೀರು ಬರುವವರೆಗೆ ನಡೆದು, ತಿರುಗಿ ನಿಂತರು. ಅಲ್ಲಿಂದ ಅವರ ಕೈ ತಡವರಿಸದೆ ಒಂದು ಮನೆಯತ್ತ ಚಾಚಿತು.

ಒದ್ದೆ ಬಟ್ಟೆಯಲ್ಲೇ ಬಂದು, ಕದವಿಲ್ಲದ ಆ ಬಾಗಿಲಲ್ಲಿ ನಿಂತು ಸಲಾಂ ಹೇಳಿದರು. ಮತ್ತೊಮ್ಮೆ ಹೇಳಿದರು. ಒಳಗೆ ಬಿಸಿಲು ಮಾತ್ರವಿತ್ತು. ಹೋಗಿ ನೋಡಬಾರದೇ ಎಂದೆ.

"ಮನೆಯವರು ಕರೆಯದೆ ಹೇಗೆ ಹೋಗುದು ಸಾರ್?"

ಅರಬಿಯಲ್ಲಿ ಅರಬರನ್ನೇ ನಗಿಸಬಲ್ಲಷ್ಟು ಪಳಗಿದ್ದ ಮನುಷ್ಯ ಹೊಸ್ತಿಲಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

ಆಗ ಸುಶೀಲ ನಮ್ಮಿಬ್ಬರನ್ನೂ ದಾಟಿ ಒಳಗೆ ಹೋದಳು. ಥರ್ಮಾಸಿನ ಮುಚ್ಚಳಕ್ಕೆ ನೀರು ಬಗ್ಗಿಸಿ, ಸೆರಗು ಸರಿಪಡಿಸಿಕೊಂಡು, ಗೋಡೆಯ ಮರೆಯಿಂದ ಕೈ ಚಾಚಿದಳು.

"ಯಾಕೆ ಬಿಸಿಲಲ್ಲಿ ನಿಂತ್ರಿ? ಒಳಗೆ ಬನ್ನಿ."

ಮೋನುಚ್ಚ ಚಪ್ಪಲಿ ಬಿಟ್ಟು ಒಳಗೆ ಹೋದರು. ನೆಲದ ಮೇಲೆ ಕುಳಿತು ನೀರು ಕುಡಿದರು. ಆಮೇಲೆ ತಲೆ ತಗ್ಗಿಸಿ, ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅರಬಿಯಲ್ಲಿ ಬಹಳ ಹೊತ್ತು ಹೇಳಿದರು. ಅದರ ಒಂದಕ್ಷರವೂ ತಿಳಿಯದ ಸುಶೀಲ ಕೊನೆಯವರೆಗೂ ನಿಂತು ಕೇಳಿಸಿಕೊಂಡು, "ಒಂದು ಲೋಟ ನೀರಿಗೆ ಇಷ್ಟೆಲ್ಲ ಯಾಕೆ, ಬಿಡಿ" ಎಂದಳು.