ಕುಂಕುಮ ಪಡೆದ ಸಾಕ್ಷಿ

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಬನಶಂಕರಿಯಲ್ಲಿ ಬಾಡಿಗೆಗಿದ್ದೆವು. ಕತ್ರಿಗುಪ್ಪೆಯಿಂದ ಸೊಪ್ಪು ತರುವ ಹೆಂಗಸೊಬ್ಬಳು ನಮ್ಮ ಎದುರಿನ ಮೂಲೆಮನೆಯ ಕಾಂಪೌಂಡಿನ ಪಕ್ಕ ಬುಟ್ಟಿ ಇಟ್ಟು ಕೂರುತ್ತಿದ್ದಳು. ಆ ಮನೆಯ ಯಜಮಾನನಿಗೆ ಅವಳನ್ನು ಕಂಡರಾಗದು. ಒಂದು ಬೆಳಿಗ್ಗೆ ಅವಳು ಬಗ್ಗಿ ದಂಟಿನ ಸೊಪ್ಪು ಜೋಡಿಸುತ್ತಿದ್ದಾಗ ಹಿಂದಿನಿಂದ ಬಂದು ತಳ್ಳಿಬಿಟ್ಟ. ಚರಂಡಿಯ ಚಪ್ಪಡಿಯ ಮೇಲೆ ಬಿದ್ದು ಅವಳ ಮುಂಗೈ ಮುರಿಯಿತು. ತಳ್ಳಿದವನನ್ನು ಅವಳು ನೋಡಿರಲಿಲ್ಲ. ನೋಡಿದ್ದು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ನಾನೊಬ್ಬಳೇ.

"ಅವಳೇ ಜಾರಿ ಬಿದ್ಲು" ಅಂದ, ಪೊಲೀಸರ ಮುಂದೆ. ಎಂಥ ಬಾಯಿ! ಅವನಿಗೆ ಶಿಕ್ಷೆಯಾದರೆ ಮಾತ್ರ ಅವಳು ಮತ್ತೆ ಅಲ್ಲಿ ಧೈರ್ಯವಾಗಿ ಕೂರಬಹುದಿತ್ತು. ನಾನು ಸಾಕ್ಷಿ ಹೇಳಲು ಒಪ್ಪಿದೆ. "ಊರ ಉಸಾಬರಿ ನಿನಗ್ಯಾಕೆ?" ಅಂದರು ನಮ್ಮ ಯಜಮಾನರು. "ಕಂಡಿದ್ದನ್ನ ಕಂಡಿಲ್ಲ ಅನ್ನಕ್ಕೆ ನನಗೆ ಬರಲ್ಲ" ಅಂದೆ.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅವನ ವಕೀಲ ಸುತ್ತಿ ಬಳಸಿ ಒಂದು ಪ್ರಶ್ನೆಗೆ ಬಂದ.

"ಇದೆಲ್ಲ ಆದ್ಮೇಲೆ ಗೌರಿ ಹಬ್ಬದಲ್ಲಿ ಇವರ ಮನೆಗೆ ಹೋಗಿ ಕುಂಕುಮ ತಗೊಂಡ್ರಾ?"

"ತಗೊಂಡೆ ಸಾರ್. ಅವರ ಹೆಂಡತಿ ಬಂದು ಕರೆದ್ರು. ಕುಂಕುಮಕ್ಕೆ ಕರೆದ್ರೆ ಬರಲ್ಲ ಅನ್ನಕ್ಕಾಗತ್ತಾ? ಗಂಡ ತಳ್ಳಿದ್ರೆ ಆಯಮ್ಮ ಏನ್ಮಾಡ್ತಾರೆ, ಪಾಪ?"

ಮ್ಯಾಜಿಸ್ಟ್ರೇಟರು ನನ್ನ ಮುಖ ನೋಡಿ ನಕ್ಕರು. ಅವರಿಗೆ ಅರ್ಥವಾಗಿತ್ತು. ಅವನಿಗೆ ಶಿಕ್ಷೆಯೂ ಆಯಿತು. ಆದರೆ ಟೈಪಾದ ಹೇಳಿಕೆಯಲ್ಲಿ ಉಳಿದದ್ದು ಇಷ್ಟೇ: ಘಟನೆಯ ನಂತರ ಆರೋಪಿಯ ಮನೆಯಲ್ಲಿ ಕುಂಕುಮ ತಾಂಬೂಲ ಪಡೆದದ್ದು ನಿಜ.

ಅವನು ಮೇಲಿನ ಕೋರ್ಟಿಗೆ ಹೋದ. ಅಲ್ಲಿಗೆ ನನ್ನನ್ನು ಕರೆಯಲೇ ಇಲ್ಲ. ಅಪೀಲಿನಲ್ಲಿ ಕಾಗದ ಓದುತ್ತಾರಂತೆ, ಮುಖ ನೋಡುವುದಿಲ್ಲವಂತೆ. ಕೈ ಮುರಿದದ್ದನ್ನು ಕಣ್ಣಾರೆ ಕಂಡವಳು ಮುರಿದವನ ಮನೆಯ ತಾಂಬೂಲ ಪಡೆಯುವುದು ಸಹಜವಲ್ಲ, ಈ ಸಾಕ್ಷಿಯನ್ನು ನಂಬಲಾಗದು ಎಂದು ಬರೆದು ಅವನನ್ನು ಬಿಟ್ಟುಬಿಟ್ಟರು.

ಸಹಜವಲ್ಲವಂತೆ! ಆ ನ್ಯಾಯಾಧೀಶರ ಮನೆಯಲ್ಲಿ ಹೆಂಗಸರೇ ಇರಲಿಲ್ಲವೇ? ಬೆಳಿಗ್ಗೆ ನಲ್ಲಿ ಹತ್ತಿರ ಜುಟ್ಟು ಹಿಡಿದು ಜಗಳವಾಡಿದವರು ಸಂಜೆ ಒಬ್ಬರಿಗೊಬ್ಬರು ಕುಂಕುಮ ಕೊಡುವುದಿಲ್ಲವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಸರಿ, ಪ್ರಮಾಣಿಸಲಿ. ನನ್ನನ್ನು ಕರೆದು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನಂಬಿದ ಕೆಳಗಿನ ಕೋರ್ಟಿನವರೇನು ದಡ್ಡರೇ? ಇನ್ನೂ ಮೇಲಿನ ಕೋರ್ಟಿಗೆ ಹೋಗಿ ಅಂದರೆ, ಸಣ್ಣ ಕೇಸು, ಬಿಡಿ ಅಂದರು ಸರ್ಕಾರಿ ವಕೀಲರು. ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಸೊಪ್ಪಿನವಳಿಗೆ ನಾನೇ ಹೋಗಿ ಹೇಳಿದೆ. ಸೊಟ್ಟಗೆ ಕೂಡಿಕೊಂಡ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೇಳಿಸಿಕೊಂಡಳು.

"ನನ್ನ ಮಾತು ನಂಬಲಿಲ್ಲ ಕಣಮ್ಮ ಅವರು" ಅಂದೆ.



"ಅಷ್ಟು ಓದ್ದೋರು ಸುಮ್‌ಸುಮ್ನೆ ಬರೀತಾರಾ ಅಕ್ಕ? ಬೇಜಾರು ಮಾಡ್ಕೋಬೇಡಿ... ಅವತ್ತು ನೀವು ನಿಜವಾಗ್ಲೂ ನೋಡಿದ್ರಾ?"